ಕರೆಂಟ್ ಕೊಡುವ ಮೊದಲು: ವರ್ಷಗಟ್ಟಲೆ ನಿಂತ ಲೇಥನ್ನು ಮತ್ತೆ ಓಡಿಸುವುದು

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲಿ ತಯಾರಾದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇಥುಗಳು (ಲೋಹವನ್ನು ತಿರುಗಿಸುತ್ತಾ ಕಡಿಯುವ ಯಂತ್ರ) ಮಾತ್ರ ಶೆಡ್ಡಿನ ಮೂಲೆಗಳಲ್ಲಿ ಟಾರ್ಪಾಲಿನಡಿ ಇನ್ನೂ ಸಿಗುತ್ತವೆ. ಸುಮ್ಮನೆ ನಿಂತದ್ದರಿಂದ ಇಂಥ ಮೆಷಿನ್ ಕೆಡುವುದು ಕಡಿಮೆ. ಕೆಡುವುದು ‘ಓಡತ್ತಾ ನೋಡೋಣ’ ಎಂದು ಸ್ವಿಚ್ ಒತ್ತಿದ ಮೊದಲ ಐದು ನಿಮಿಷದಲ್ಲಿ. ಬೇರಿಂಗಿನ ಎಣ್ಣೆ ಇಳಿದುಹೋಗಿರುತ್ತದೆ, ಮೋಟಾರು ತೇವ ಕುಡಿದಿರುತ್ತದೆ, ಬೆಡ್ಡಿನ (ಲೇಥಿನ ಉದ್ದದ ಬುಡಹಾಸು) ಮೇಲೆ ತುಕ್ಕಿನ ಪುಡಿ ಕೂತಿರುತ್ತದೆ. ಮೊದಲು ಮೇನ್ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಬೆಂಗಳೂರಿನ ಎಚ್‌ಎಂಟಿ ಲೇಥಿಗೂ ಕ್ರಮ ಇದೇ.

ಶುರು ಮಾಡಬೇಕಾದ್ದು ಎಣ್ಣೆ ತೂತುಗಳಿಂದ. ನಮ್ಮ ಕಡೆ ಮುಚ್ಚಳ ಹೋದ ತೂತು ಕಂಡರೆ ಕುಂಬಾರ ಹುಳ ಮಣ್ಣು ಮೆತ್ತದೆ ಬಿಡುವುದಿಲ್ಲ. ಕಂಪ್ರೆಸರ್ ಗಾಳಿ ಹೊಡೆದರೆ ಆ ಮಣ್ಣು ಹೊರಗೆ ಬರದೆ ನೇರ ಬುಷ್ (ದಂಡ ತಿರುಗುವ ಲೋಹದ ತೋಳು) ಒಳಗೆ ಹೋಗುತ್ತದೆ. ತೆಳು ತಂತಿಯ ತುದಿ ಕೊಕ್ಕೆ ಮಾಡಿ ಮಣ್ಣನ್ನು ಚೂರುಚೂರಾಗಿ ಮೇಲಕ್ಕೆ ಎಳೆಯಿರಿ. ಕೊನೆಯಲ್ಲಿ ಸಿರಿಂಜಿನಿಂದ ಸೀಮೆಎಣ್ಣೆ ಬಿಡಿ, ಅದು ಸಿಗದಿದ್ದರೆ ಡೀಸೆಲ್. ಬಿಟ್ಟದ್ದು ಕೆಳಗೆ ಇಳಿಯದೆ ನಿಂತರೆ ದಾರಿ ಇನ್ನೂ ಕಟ್ಟಿದೆ ಎಂದರ್ಥ.

ಬೆಡ್ಡಿನ ತುಕ್ಕಿಗೆ ಎಮರಿ ಕಾಗದ ಬೇಡವೇ ಬೇಡ. ಅದರ ಕಣ ಸ್ಯಾಡಲ್ (ಬೆಡ್ ಮೇಲೆ ಜಾರುವ, ಟೂಲ್ ಹೊರುವ ಭಾಗ) ಅಡಿ ಸೇರಿದರೆ ಸ್ಯಾಡಲ್ ಸರಿದಷ್ಟೂ ಬೆಡ್ ತೇಯುತ್ತದೆ. ಡೀಸೆಲ್ ಸವರಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಟರ್ ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು ಹೆರೆಯಿರಿ, ಕೆಂಪು ಕೆಸರು ಏಳುತ್ತದೆ. ಬನಿಯನ್ ವೇಸ್ಟಿನಿಂದ ಒರೆಸುತ್ತಾ ಹೋಗಿ. ಕೆಳಗೆ ಕಪ್ಪು ಕಲೆ ಉಳಿದರೆ ಉಳಿಯಲಿ. ಉಗುರು ಎಡವದ ಕಲೆಯಿಂದ ಕೆಲಸಕ್ಕೆ ತೊಂದರೆಯಿಲ್ಲ. ಬೆಡ್ ಪೂರ್ತಿ ಶುಚಿಯಾಗಿ ಎಣ್ಣೆ ಬೀಳುವವರೆಗೆ ಸ್ಯಾಡಲ್ಲನ್ನು ಒಂದಿಂಚೂ ದೂಡಬೇಡಿ. ಸ್ಯಾಡಲ್ ತುದಿಯ ಫೆಲ್ಟ್ ಕಲ್ಲಾಗಿದ್ದರೆ ಹೊಸದು ಕತ್ತರಿಸಿ ಹಾಕಿ.

ಇನ್ನು ಹೆಡ್‌ಸ್ಟಾಕ್, ಅಂದರೆ ಗೇರುಗಳಿರುವ ಎಡತುದಿಯ ಪೆಟ್ಟಿಗೆ. ಡ್ರೈನ್ ಪ್ಲಗ್ ತೆಗೆದು ಹಳೆ ಎಣ್ಣೆಯನ್ನು ಶುಭ್ರವಾದ ಟ್ರೇಗೆ ಇಳಿಸಿ, ಒಳಗೆ ಅಯಸ್ಕಾಂತ ಆಡಿಸಿ. ವಿಭೂತಿಯಂಥ ನುಣ್ಣನೆಯ ಬೂದು ಅಂಟಿದರೆ ಅದು ಸಹಜ ಸವಕಳಿ. ಚಿಪ್ಪಿನಂಥ ಚೂರು ಸಿಕ್ಕರೆ ಗೇರಿನ ಹಲ್ಲೋ ಬೇರಿಂಗೋ ಒಡೆದಿದೆ, ಮೇಲಿನ ಕವರ್ ಬಿಚ್ಚಲೇಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಡೀಸೆಲ್ಲಿಗೆ ಸ್ವಲ್ಪ ಎಣ್ಣೆ ಬೆರೆಸಿ ಹಾಕಿ, ಚಕ್ಕನ್ನು (ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಭಾಗ) ಕೈಯಲ್ಲಿ ತಿರುಗಿಸಿ ತೊಳೆದು ಇಳಿಸಿ. ಡೀಸೆಲ್ ಒಳಗಿರುವಾಗ ಮೋಟಾರ್ ಹಾಕಬಾರದು. ಮೆಷಿನ್ ಪ್ಲೇಟಿನಲ್ಲಿ ಬೇರೆ ಹೇಳಿಲ್ಲದಿದ್ದರೆ ಸರ್ವೋ ಸಿಸ್ಟಮ್ 68ರಂಥ ವಿಜಿ 68 (ಎಣ್ಣೆಯ ಮಂದತೆಯ ದರ್ಜೆ) ಹೈಡ್ರಾಲಿಕ್ ಎಣ್ಣೆಯನ್ನು ಮಟ್ಟ ತೋರುವ ಗಾಜಿನ ಅರ್ಧದವರೆಗೆ ತುಂಬಿ. ಮೋಟಾರ್ ಸೈಕಲ್ಲಿನ ಎಂಜಿನ್ ಆಯಿಲ್ ಹಾಕುವವರಿದ್ದಾರೆ. ಅದರಲ್ಲಿರುವ ಡಿಟರ್ಜೆಂಟ್ ಕೊಳೆಯನ್ನು ತಳಕ್ಕೆ ಕೂರಲು ಬಿಡದೆ ಬೇರಿಂಗಿಗೆ ಸುತ್ತಿಸುತ್ತದೆ. ಎಣ್ಣೆ ತುಂಬಿದ ಮೇಲೆ ಗಟ್ಟಿಯಾದ ಹಳೆ ಸೀಲಿನಲ್ಲಿ ಸೋರಿಕೆ ಶುರುವಾದರೆ ಗಾಬರಿ ಬೇಡ, ಸೀಲ್ ಅಳತೆ ನೋಡಿ ಬದಲಿಸಿ.

ಫೀಡ್ (ಟೂಲನ್ನು ತಾನಾಗಿ ಸಾಗಿಸುವ ವ್ಯವಸ್ಥೆ) ಬಿಡಿಸಿ, ಎಲ್ಲ ಸ್ಪೀಡುಗಳಲ್ಲೂ ಚಕ್ಕನ್ನು ಕೈಯಲ್ಲೇ ತಿರುಗಿಸಿ ನೋಡಿ. ಲಿವರ್ ಬೀಳದಿದ್ದರೆ ಬಡಿಯದೆ, ಚಕ್ಕನ್ನು ಚೂರು ಹಿಂದೆ ಮುಂದೆ ಆಡಿಸಿ ಹಾಕಿ. ಮರಳು ಅರೆದಂತೆ ಕೈಗೆ ತಾಗಿದರೆ ಬೇರಿಂಗಿನಲ್ಲಿ ತುಕ್ಕಿದೆ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಟಕ್ ಎಂದರೆ ಹಲ್ಲು ಏಟು ತಿಂದಿದೆ.

ಮೋಟಾರಿನ ವೈರು ಬಿಡಿಸಿ, ವೈಂಡಿಂಗಿಗೂ ಬಾಡಿಗೂ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ. ಕನಿಷ್ಠ 1 ಮೆಗಾ ಓಮ್ ಬರಬೇಕು. ಬರದಿದ್ದರೆ ರಿವೈಂಡಿಂಗ್ ಅಂಗಡಿಯ ಓವನ್ನಿನಲ್ಲಿ ಒಣಗಿಸಿ ಮತ್ತೆ ಅಳೆಯಿರಿ. ಬೇರಿಂಗಿನ ಗ್ರೀಸ್ ಮೇಣದಂತಾಗಿದ್ದರೆ ತೊಳೆದು, ಖಾಲಿ ಜಾಗದ ಮೂರನೇ ಒಂದು ಭಾಗದಷ್ಟು ಮಾತ್ರ ಹೊಸದು ತುಂಬಿ. ಹೆಚ್ಚಾದರೆ ಬಿಸಿಯೇರುತ್ತದೆ. ಇಲಿ ಕಡಿದ ವೈರು, ಅರ್ತಿಂಗ್, ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್) ಇವನ್ನೂ ತೆರೆದು ನೋಡಿ. ಕಾಂಟ್ಯಾಕ್ಟರಿನಲ್ಲಿ ಸತ್ತ ಹಲ್ಲಿಯೊಂದು ಸಿಕ್ಕಿಕೊಂಡಿದ್ದರೂ ಸಾಕು, ಒಂದು ಫೇಸ್ ಕೂರುವುದಿಲ್ಲ. ಆಗ ಮೋಟಾರ್ ತಿರುಗದೆ ಗುಂಯ್ ಎನ್ನುತ್ತದೆ. ಆ ಸದ್ದು ಬಂದ ಕೂಡಲೇ ಆಫ್ ಮಾಡದಿದ್ದರೆ ವೈಂಡಿಂಗ್ ಸುಡುತ್ತದೆ.

ಬಿರುಕು ಬಿಟ್ಟ ಬೆಲ್ಟುಗಳನ್ನು ಸೆಟ್ ಪೂರ್ತಿ ಬದಲಿಸಿ. ಒಂದೇ ಹೊಸದು ಹಾಕಿದರೆ ಹೊರೆಯೆಲ್ಲ ಅದರ ಮೇಲೇ ಬೀಳುತ್ತದೆ. ಪುಲ್ಲಿಗಳ ನಡುವೆ ಅರ್ಧ ಮೀಟರ್ ಅಂತರವಿದ್ದರೆ ಹೆಬ್ಬೆರಳಿಗೆ ಸುಮಾರು 8 ಮಿಮೀ ತಗ್ಗಬೇಕು. ಆದರೆ ಬೆಲ್ಟ್ ಏರಿಸುವ ಮೊದಲು ಮೋಟಾರನ್ನು ಒಂಟಿಯಾಗಿ ಒಂದು ಕ್ಷಣ ಹಾಕಿ ದಿಕ್ಕು ನೋಡಿ. ಉಲ್ಟಾ ಇದ್ದರೆ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿ. ಥ್ರೆಡ್ ಮೂತಿಯ ಹಳೆ ಸ್ಪಿಂಡಲ್ (ಚಕ್ ಕೂರುವ ದಂಡ) ಗಕ್ಕನೆ ಉಲ್ಟಾ ತಿರುಗಲು ಶುರುವಾದರೆ ಚಕ್ ಬಿಚ್ಚಿ ಬೆಡ್ ಮೇಲೆ ಬೀಳಬಹುದು.

ಅತಿ ಕಡಿಮೆ ಸ್ಪೀಡಿನಲ್ಲಿ 15 ನಿಮಿಷ, ಆಮೇಲೆ ಒಂದೊಂದೇ ಸ್ಪೀಡ್ ಏರಿಸುತ್ತಾ ತಲಾ 10 ನಿಮಿಷ ಓಡಿಸಿ. ಪಂಪ್ ಇರುವ ಮೆಷಿನ್ನಿನಲ್ಲಿ ಗಾಜಿನಲ್ಲಿ ಎಣ್ಣೆ ಕಾಣಿಸದಿದ್ದರೆ ನಿಲ್ಲಿಸಿ. ಸ್ಪಿಂಡಲ್ ಬೇರಿಂಗ್ ಕವರಿನ ಮೇಲೆ ಅಂಗೈ ಮೂರ್ನಾಲ್ಕು ಸೆಕೆಂಡೂ ಇಡಲಾಗದಿದ್ದರೆ ಬಿಸಿ 60 ಡಿಗ್ರಿ ಸುಮಾರಿಗೆ ಬಂದಿದೆ. ಮೆಷಿನ್ ನಿಲ್ಲಿಸಿ, ಕಾರಣ ಎಣ್ಣೆಯೋ ಬಿಗಿತವೋ ಹುಡುಕಿ.

ಸ್ಲೈಡುಗಳ ಟೇಪರ್ ಜಿಬ್ಬಿನ (ಸಡಿಲ ತೆಗೆಯುವ ಓರೆ ಪಟ್ಟಿ) ಸ್ಕ್ರೂವನ್ನು ಹ್ಯಾಂಡಲ್ ಬಿಗಿಯಾಗುವವರೆಗೆ ತಿರುವಿ, ಕಾಲು ಸುತ್ತು ಸಡಿಲಿಸಿ. ಕ್ರಾಸ್ ಸ್ಲೈಡಿನ (ಟೂಲನ್ನು ಅಡ್ಡಲಾಗಿ ಸಾಗಿಸುವ ಭಾಗ) ಹ್ಯಾಂಡಲಿನಲ್ಲಿ 0.2 ಮಿಮೀ ಆಟವಿದ್ದರೆ ಹಾಗೇ ಕೆಲಸ ಮಾಡಬಹುದು, ಟೂಲನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತಂದರಾಯಿತು.

ಕೊನೆಗೆ ಲೆವೆಲ್. ಗಾರೆ ಕೆಲಸದ ರಸಮಟ್ಟ ಇಲ್ಲಿ ನಡೆಯುವುದಿಲ್ಲ, ಮೀಟರಿಗೆ 0.02 ಮಿಮೀ ತೋರಿಸುವ ಲೆವೆಲ್ ಬೇಕು. ಬೆಡ್ಡಿಗೆ ಅಡ್ಡಲಾಗಿ ಚಕ್ ಕಡೆಯೂ ಟೇಲ್‌ಸ್ಟಾಕ್ (ಬಲತುದಿಯ ಆಧಾರ) ಕಡೆಯೂ ಇಟ್ಟಾಗ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಬೆಡ್ ತಿರುಚಿದೆ. ಖಾತ್ರಿಗೆ 40 ಮಿಮೀ ಎಂಎಸ್ (ಮೈಲ್ಡ್ ಸ್ಟೀಲ್) ರಾಡನ್ನು ಚಕ್ಕಿನಿಂದ 150 ಮಿಮೀ ಹೊರಗಿಟ್ಟು, ಟೇಲ್‌ಸ್ಟಾಕ್ ಕೊಡದೆ, ಎರಡೂ ತುದಿಯಲ್ಲಿ 20 ಮಿಮೀ ಪಟ್ಟಿ ಬಿಟ್ಟು ನಡುಭಾಗ ತಗ್ಗಿಸಿ. ಚೂಪಾದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಿಂದ ನಿಮಿಷಕ್ಕೆ ಸುಮಾರು 240 ಸುತ್ತಿನಲ್ಲಿ, ಟೂಲ್ ಅಲುಗಿಸದೆ, ಎರಡೂ ಪಟ್ಟಿಗೆ 0.1 ಮಿಮೀ ಕಟ್ ಕೊಡಿ. ಮೈಕ್ರೋಮೀಟರಿನಲ್ಲಿ ಹೊರತುದಿ ದಪ್ಪ ಬಂದರೆ ಟೇಲ್‌ಸ್ಟಾಕ್ ಕಡೆಯ ಮುಂದಿನ (ನೀವು ನಿಂತು ಕೆಲಸ ಮಾಡುವ ಬದಿಯ) ಕಾಲನ್ನು ಚೂರು ಎತ್ತಿ. ಸಣ್ಣ ಬಂದರೆ ಇಳಿಸಿ. ಎರಡರ ವ್ಯತ್ಯಾಸ 0.02 ಮಿಮೀ ಒಳಗೆ ಬಂದಾಗ ಕಾಲಿನ ನಟ್ಟುಗಳನ್ನು ಬಿಗಿದು, ಬಿಗಿಯುವಾಗಲೇ ಬೆಡ್ ಎಳೆದಿರಬಹುದಾದ್ದರಿಂದ ಇನ್ನೊಂದು ಕಟ್ ಕೊಟ್ಟು ಅಳೆಯಿರಿ. ಹೊಸ ನೆಲಗಟ್ಟಿನ ಮೇಲೆ ಕೂರಿಸಿದ್ದರೆ ತಿಂಗಳು ಬಿಟ್ಟು ಅದೇ ರಾಡನ್ನು ಮತ್ತೆ ಹಿಡಿಯಿರಿ.