ಒಪ್ಪುವ ಮೊದಲು ಒರೆಗೆ ಹಚ್ಚುವುದು

ಚರ್ಚಿನಲ್ಲಿ ಸತ್ಯದ ಬಗ್ಗೆ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡುವವರಿಗೆ ಒಂದು ಉದಾಹರಣೆ ಬಹಳ ಪ್ರಿಯ. ಬ್ಯಾಂಕಿನ ಕ್ಯಾಷಿಯರ್‌ಗೆ ಖೋಟಾ ನೋಟನ್ನು ತೋರಿಸುವುದೇ ಇಲ್ಲವಂತೆ. ಅಸಲಿ ನೋಟನ್ನೇ ಎಣಿಸಿ ಎಣಿಸಿ ಕೈ ಪಳಗಿದ ಮೇಲೆ ನಕಲಿ ತಾನಾಗಿಯೇ ಸಿಕ್ಕಿಬೀಳುತ್ತದಂತೆ. ಹಾಗೆಯೇ ಸತ್ಯವೇದ, ಅಂದರೆ ಬೈಬಲ್, ಬಲ್ಲವನಿಗೆ ಸುಳ್ಳಿನ ಪರಿಚಯ ಬೇಕಿಲ್ಲವಂತೆ. ನಾನು ನಿವೃತ್ತನಾಗುವವರೆಗೆ ಬ್ಯಾಂಕಿನಲ್ಲಿದ್ದವನು, ಬಹುಕಾಲ ನಗದು ಕೌಂಟರಿನಲ್ಲೇ ಕುಳಿತವನು. ನಮಗೆ ಎರಡನ್ನೂ ತೋರಿಸುತ್ತಿದ್ದರು. ನೀರಚ್ಚು ಹೇಗಿರಬೇಕು, ನೋಟನ್ನು ಓರೆ ಮಾಡಿದಾಗ ಭದ್ರತಾ ದಾರ ಹಸಿರಿನಿಂದ ನೀಲಿಗೆ ಹೇಗೆ ತಿರುಗಬೇಕು ಎಂಬುದರ ಜೊತೆಗೆ, ಖೋಟಾ ಮಾಡುವವರು ಎಲ್ಲಿ ಎಡವುತ್ತಾರೆ ಎಂಬುದನ್ನೂ ಹೇಳಿಕೊಡುತ್ತಿದ್ದರು. ಅನುಮಾನ ಬಂದರೆ ನೇರಳಾತೀತ ದೀಪದ ಕೆಳಗೆ ಹಿಡಿಯುತ್ತಿದ್ದೆವು, ಪಕ್ಕದವರಿಗೂ ತೋರಿಸುತ್ತಿದ್ದೆವು. ಖೋಟಾ ಎಂದು ಖಚಿತವಾದರೆ ಮುದ್ರೆ ಒತ್ತಿ ವಶಕ್ಕೆ ತೆಗೆದುಕೊಳ್ಳಬೇಕು, ಗ್ರಾಹಕರಿಗೆ ರಸೀದಿ ಕೊಡಬೇಕು, ನೋಟನ್ನು ಮಾತ್ರ ಹಿಂದಿರುಗಿಸುವಂತಿಲ್ಲ. ಬೆರಳಿಗೆ ಅಸಲಿಯ ಪರಿಚಯವಿರಬೇಕು ಎಂಬಷ್ಟು ನಿಜ. ಉಳಿದದ್ದೆಲ್ಲ, ಸತ್ಯವನ್ನು ಕುರಿತ ಪ್ರಸಂಗದೊಳಗೆ ಯಾರೂ ಪರೀಕ್ಷಿಸದೆ ಬಿಟ್ಟುಕೊಂಡ ಕತೆ.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಲೂಕನು ಬೆರೋಯ ಎಂಬ ಊರಿನವರನ್ನು ಮೆಚ್ಚಿಕೊಳ್ಳುವುದು ಹೀಗೆ ಪರೀಕ್ಷಿಸಿ ನೋಡುವ ಗುಣಕ್ಕೇ. ಪೌಲನಂಥ ಅಪೊಸ್ತಲನೇ ಬಂದು ಮಾತಾಡಿದರೂ ಅವರು ಅದನ್ನು ದಿನದಿನವೂ ಶಾಸ್ತ್ರದೊಂದಿಗೆ ತಾಳೆ ಹಾಕಿ ನೋಡಿದರು. ಪೌಲನಿಗೆ ಸಿಟ್ಟು ಬಂತೆಂದು ಎಲ್ಲೂ ಬರೆದಿಲ್ಲ. ಎಲ್ಲವನ್ನೂ ಪರಿಶೋಧಿಸಿರಿ ಎಂದು ಥೆಸಲೋನಿಕದವರಿಗೆ ಬರೆದವನೂ ಅವನೇ. ನಮ್ಮ ಕಡೆ ಪ್ರಸಂಗಿಗೆ ಪ್ರಶ್ನೆ ಕೇಳಿದವನ ನಂಬಿಕೆಯನ್ನೇ ಅನುಮಾನಿಸುತ್ತಾರೆ. ಅದು ಬೇರೆ ಮಾತು.

ಮಂಗಳೂರಿನಲ್ಲಿ ಬುಧವಾರ ಸಂಜೆ ನಮ್ಮ ಮನೆಯಲ್ಲಿ ಸತ್ಯವೇದ ಅಧ್ಯಯನ ನಡೆಯುತ್ತದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಬಂದಿಳಿದ ಊರು ಇದು. ಇಲ್ಲಿ ಅಜ್ಜ ಅಜ್ಜಿಯರ ಕಾಲದಿಂದಲೂ ಸತ್ಯವೇದದ ವಚನ ಬಾಯಿಪಾಠ ಮಾಡುವ ರೂಢಿಯಿದೆ. ಒಳ್ಳೆಯ ರೂಢಿಯೇ. ಆದರೆ ವಚನವೊಂದೇ ನೆನಪಿನಲ್ಲಿ ಉಳಿದು, ಅದರ ಹಿಂದುಮುಂದು ಮರೆತುಹೋಗುತ್ತದೆ. ಹಾಗಾಗಿ ಯಾವ ವಚನ ಬಂದರೂ ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು, ಆಮೇಲೆ ಮಾತು, ಎಂಬುದೊಂದೇ ನಾನು ಹಟ ಹಿಡಿದು ಇಟ್ಟುಕೊಂಡ ನಿಯಮ.

ಪ್ರವಾದಿಯಾದ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನವನ್ನೇ ತೆಗೆದುಕೊಳ್ಳಿ. ಕ್ರೈಸ್ತರ ಮನೆಯ ಕ್ಯಾಲೆಂಡರಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಪರೀಕ್ಷೆ ಬರೆಯುವ ಮಕ್ಕಳ ಮೊಬೈಲ್‌ನಲ್ಲಿ ಅದು ಇದ್ದೇ ಇರುತ್ತದೆ: ದೇವರು ನಿಮ್ಮ ವಿಷಯದಲ್ಲಿ ಮಾಡುತ್ತಿರುವ ಆಲೋಚನೆ ಅಹಿತದ್ದಲ್ಲ, ಹಿತದ್ದೇ, ನಿಮಗೆ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವಂಥದ್ದು. ಅದರ ಹಿಂದಿನ ವಚನವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಅಲ್ಲಿರುವುದು ಎಪ್ಪತ್ತು ವರ್ಷ ಕಳೆದ ಮೇಲಷ್ಟೇ ಬಿಡುಗಡೆ ಎಂಬ ಲೆಕ್ಕ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಯಾಗಿ ಹೋದವರಿಗೆ ಯೆರೂಸಲೇಮಿನಿಂದ ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎನ್ನುತ್ತದೆ ಪತ್ರ. ಎಂದರೆ, ಓದುತ್ತಿರುವವರಲ್ಲಿ ಬಹುಮಂದಿ ಊರಿಗೆ ಮರಳುವುದಿಲ್ಲ. ನಮ್ಮ ಗುಂಪಿನಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದು ವಯಸ್ಸಾದ ಹಿರಿಯರೊಬ್ಬರಿದ್ದಾರೆ. ಇಡೀ ಅಧ್ಯಾಯ ಓದಿಸಿದ ದಿನ ಅವರು, "ಹಾಗಾದರೆ ಇದು ನನ್ನಂಥವನಿಗೇ ಬರೆದ ಪತ್ರ" ಎಂದರು. ವಚನದ ಬಲ ಕುಂದಲಿಲ್ಲ.

ಅದರ ಹಿಂದಿನ 28ನೇ ಅಧ್ಯಾಯವೇ ನನಗೆ ಸತ್ಯಶೋಧನೆಯ ದೊಡ್ಡ ಪಾಠ. ಯೆರೆಮೀಯ ಹೆಗಲ ಮೇಲೆ ಮರದ ನೊಗ ಹೊತ್ತು ತಿರುಗುತ್ತಿದ್ದಾನೆ. ಬಾಬೆಲಿನ ಅರಸನಿಗೆ ತಲೆಬಾಗಿ ಬದುಕಿಕೊಳ್ಳಿ ಎಂಬುದು ಅದರ ಅರ್ಥ. ಗಿಬ್ಯೋನಿನ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ, ಯಾಜಕರ ಮುಂದೆ, ಜನರೆಲ್ಲ ಕೇಳುವಂತೆ ಎದ್ದು ನಿಂತು, ಎರಡು ವರ್ಷದೊಳಗೆ ದೇವಾಲಯದ ಪಾತ್ರೆಗಳೂ ಅರಸನಾದ ಯೆಕೊನ್ಯನೂ ಸೆರೆಯವರೆಲ್ಲರೂ ವಾಪಸು ಬರುತ್ತಾರೆ, ಇದು ಯೆಹೋವನ ಮಾತು ಎನ್ನುತ್ತಾನೆ. ಇಬ್ಬರೂ ಪ್ರವಾದಿಗಳೇ, ಇಬ್ಬರೂ ಹೇಳುವುದು ಒಬ್ಬನೇ ದೇವರ ಹೆಸರಿನಲ್ಲಿ. ಕೇಳುತ್ತ ನಿಂತವನು ಯಾರನ್ನು ನಂಬಬೇಕು?

ಯೆರೆಮೀಯ ಕೊಟ್ಟ ಮೊದಲ ಉತ್ತರ "ಆಮೆನ್". ಹಾಗೆಯೇ ಆಗಲಿ, ಯೆಹೋವನು ನಿನ್ನ ಮಾತನ್ನು ನೆರವೇರಿಸಲಿ ಎನ್ನುತ್ತಾನೆ. ಅದು ಬರೀ ವ್ಯಂಗ್ಯವೆಂದು ನನಗೆ ಅನ್ನಿಸುವುದಿಲ್ಲ. ತನ್ನ ಜನ ಮರಳಿ ಬರುವುದು ಅವನಿಗೂ ಬೇಕಾಗಿತ್ತು. ಬೇಕಾಗಿದ್ದರಿಂದಲೇ ಅವನು ಹುಷಾರಾದ. ಸಮಾಧಾನವನ್ನು ಸಾರುವ ಪ್ರವಾದಿಯ ಮಾತು ನೆರವೇರಿದಾಗಲೇ ಅವನನ್ನು ದೇವರು ಕಳುಹಿಸಿದ್ದೆಂದು ಗೊತ್ತಾಗುವುದು ಎಂದು ಹೇಳಿದ. ಹನನ್ಯ ನೊಗವನ್ನು ಕಿತ್ತು ಮುರಿದ. ಜನರಿಗೆ ಅದೆಷ್ಟು ಖುಷಿಯಾಗಿದ್ದಿರಬೇಕು! ಯೆರೆಮೀಯ ಮರುಮಾತಾಡದೆ ಹೊರಟುಹೋದ. ದೇವರ ಮಾತು ಬಂದ ಮೇಲಷ್ಟೇ ತಿರುಗಿ ಬಂದು, ಮರದ ನೊಗದ ಬದಲು ಕಬ್ಬಿಣದ ನೊಗ ಬರುತ್ತದೆ ಎಂದ. ಹನನ್ಯ ಅದೇ ವರ್ಷದ ಏಳನೆಯ ತಿಂಗಳಲ್ಲಿ ಸತ್ತ.

ಇದರಿಂದ ನಾನು ಎರಡು ಅಭ್ಯಾಸ ಮಾಡಿಕೊಂಡೆ. ಕೇಳಿದ ಮಾತು ನನಗೆ ತುಂಬಾ ಹಿತವಾದರೆ, ಮೊದಲು ನನ್ನ ಆಸೆಯನ್ನು ಪಕ್ಕಕ್ಕಿಟ್ಟು, ಇದೇ ಮಾತು ನನಗೆ ನಷ್ಟ ತರುವಂತಿದ್ದರೆ ಇಷ್ಟೇ ಸಾಕ್ಷ್ಯಕ್ಕೆ ಒಪ್ಪುತ್ತಿದ್ದೆನೇ ಎಂದು ಕೇಳಿಕೊಳ್ಳುತ್ತೇನೆ. ಇನ್ನೊಂದು, ಸಭೆಯ ನಡುವೆ ಉತ್ತರ ಹೊಳೆಯದಿದ್ದರೆ ಸುಮ್ಮನೆ ಮನೆಗೆ ಹೋಗುತ್ತೇನೆ.

ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ, ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಒಮ್ಮೆ ಹೊರಊರಿನ ಒಬ್ಬ ಭಾಷಣಕಾರರು ಪ್ರಾರ್ಥನಾ ಕೂಟದಲ್ಲಿ ಅವಳ ತಲೆಯ ಮೇಲೆ ಕೈಯಿಟ್ಟು, ನೀನು ಗುಣವಾಗಿದ್ದೀ, ಇನ್ನು ಸೂಜಿ ಚುಚ್ಚಿಕೊಂಡರೆ ಅದು ಅವಿಶ್ವಾಸ ಎಂದರು. ಅಕ್ಕ ಅಳುತ್ತಾ ಮನೆಗೆ ಬಂದಳು, ಸಂತೋಷದ ಅಳು. "ಅಕ್ಕಾ, ಗುಣವಾಗಿದ್ದರೆ ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಲಿ. ದೇವರು ಮಾಡಿದ ಕೆಲಸ ಪರೀಕ್ಷೆಗೆ ಹೆದರುತ್ತದೆಯೇ?" ಎಂದೆ. ಅವಳಿಗೆ ಸಿಟ್ಟು ಬಂತು. "ನೀನು ಬ್ಯಾಂಕಿನವನು, ನಿನಗೆ ಎಲ್ಲದಕ್ಕೂ ಕಾಗದ ಬೇಕು" ಎಂದಳು.

ಆ ರಾತ್ರಿ ಇಬ್ಬರೂ ಕುಳಿತು ಓದಿದೆವು. ಇಬ್ಬರು ಮೂವರು ಪ್ರವಾದಿಸಲಿ, ಮಿಕ್ಕವರು ವಿವೇಚನೆ ಮಾಡಲಿ ಎಂದು ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ಆ ಕೂಟದಲ್ಲಿ ವಿವೇಚನೆಗೆ ಯಾರಿಗೂ ಬಾಯಿ ಕೊಟ್ಟಿರಲಿಲ್ಲ. ಅದೇ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎನ್ನುತ್ತಾನೆ, ನಂಬಿಕೆ ಸಾಲದೆಂದು ಗದರುವುದಿಲ್ಲ. ತನ್ನ ಸಂಗಡಿಗ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದೆ ಎಂದು ಬರೆಯುತ್ತಾನೆ. ಲೂಕನನ್ನು ಪ್ರಿಯನಾದ ವೈದ್ಯನೆಂದು ಕರೆಯುತ್ತಾನೆ. ತ್ರೊಫಿಮನ ವಚನ ಬಂದಾಗ ಅಕ್ಕ ಕನ್ನಡಕ ತೆಗೆದಿಟ್ಟು, "ಇದು ಮೊದಲೂ ಇಲ್ಲೇ ಇತ್ತೇ?" ಎಂದು ಕೇಳಿದಳು. ಮರುದಿನದ ವರದಿಯಲ್ಲಿ ಸಕ್ಕರೆ ಇದ್ದಷ್ಟೇ ಇತ್ತು. ಅವಳು ಇನ್ಸುಲಿನ್ ಬಿಡಲಿಲ್ಲ, ಪ್ರಾರ್ಥನೆಯನ್ನೂ ಬಿಡಲಿಲ್ಲ. ದೇವರು ಗುಣಪಡಿಸುತ್ತಾನೆಂದು ನಾನೂ ನಂಬುತ್ತೇನೆ. ಪರೀಕ್ಷೆ ಮಾಡಬೇಡಿ ಎನ್ನುವ ಬಾಯಿಯನ್ನು ಮಾತ್ರ ನಂಬುವುದಿಲ್ಲ.

ಚರ್ಚಿನ ಸಭೆಯ ಜಗಳಗಳಿಗೆ ಬೈಬಲಿನ ಜ್ಞಾನೋಕ್ತಿ 18:17 ಒಂದೇ ಸಾಕು: ಮೊದಲು ವಾದಿಸಿದವನು ನ್ಯಾಯವಂತನಾಗಿ ಕಾಣುತ್ತಾನೆ, ಪ್ರತಿವಾದಿ ಬಂದು ಅವನನ್ನು ಪರೀಕ್ಷಿಸುವವರೆಗೆ. ಆಸ್ತಿ, ಚುನಾವಣೆ, ಸ್ಮಶಾನದ ಜಾಗ, ಯಾವ ದೂರು ಬಂದರೂ ಇನ್ನೊಬ್ಬರನ್ನು ಕೇಳದೆ ನಾನು ತಲೆಯಾಡಿಸುವುದಿಲ್ಲ. ಇದರಿಂದ ಎರಡೂ ಕಡೆಯವರಿಗೆ ನನ್ನ ಮೇಲೆ ಅಸಮಾಧಾನವಿದೆ.

ನನ್ನೊಳಗಿನ ಮಾತನ್ನು ಪರೀಕ್ಷಿಸುವುದು ಇದಕ್ಕಿಂತ ಕಷ್ಟ. ಅದನ್ನು ಹೇಳಿಕೊಟ್ಟವರು ಕೊಂಕಣಿ ಮಾತಾಡುವ ಕ್ಯಾಥೋಲಿಕ್ ಸಹೋದ್ಯೋಗಿ. 1878ರಿಂದ ಈ ಊರಿನಲ್ಲಿರುವ ಜೆಸ್ವಿಟರು ಎಂಬ ಕ್ಯಾಥೋಲಿಕ್ ಗುರುಗಳ ಸಂಘದವರ ಬಳಿ ಧ್ಯಾನಕೂಟಕ್ಕೆ ಹೋಗುತ್ತಿದ್ದವರು. ಜೆಸ್ವಿಟ್ ಸಂಸ್ಥಾಪಕ ಇಗ್ನೇಷಿಯಸ್ 1521ರಲ್ಲಿ ಸ್ಪೇನಿನ ಪಾಂಪ್ಲೋನದ ಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿ ಹಾಸಿಗೆ ಹಿಡಿದಾಗ ಒಂದನ್ನು ಗಮನಿಸಿದ. ಶೌರ್ಯದ, ಪ್ರಣಯದ ಹಗಲುಗನಸು ಕಾಣುವಾಗ ಸೊಗಸು, ಮುಗಿದ ಮೇಲೆ ಮನಸ್ಸು ಒಣಗುತ್ತದೆ. ಸಂತರಂತೆ ಬದುಕುವ ಯೋಚನೆ ಮಾತ್ರ ಮುಗಿದ ಮೇಲೂ ತಂಪು ಉಳಿಸುತ್ತದೆ. ಆಗಿನ ರುಚಿಗಿಂತ ಆಮೇಲೆ ಉಳಿದ ರುಚಿಯನ್ನು ನೋಡು ಎಂಬುದು ನಾನು ಹಿಡಿದುಕೊಂಡ ಅರ್ಥ. ಮನಸ್ಸು ಕುಗ್ಗಿರುವಾಗ ಹಿಂದೆ ಮಾಡಿದ ತೀರ್ಮಾನ ಬದಲಿಸಬೇಡ ಎಂಬುದು ಇಗ್ನೇಷಿಯಸನ ಇನ್ನೊಂದು ಸೂತ್ರ. ಸ್ವಯಂ ನಿವೃತ್ತಿ ಪಡೆದು ಪೂರ್ಣಕಾಲಿಕ ಸೇವೆಗೆ ಇಳಿಯಬೇಕೆಂಬ ಹುಕಿ ಬಂದಾಗಲೆಲ್ಲ ನಾನು ಮೇಲಧಿಕಾರಿಯೊಂದಿಗೆ ಜಗಳವಾಡಿ ಬಂದಿರುತ್ತಿದ್ದೆ. ಕೌಂಟರಿನಲ್ಲೇ ಉಳಿದೆ.

ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಪತಿ ಪಿಲಾತನು ಸತ್ಯವೆಂದರೇನು ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೊರಗೆ ನಡೆದ. ಯೇಸುವಿನ ಮಾತೊಂದು ಯೋಹಾನನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ: ದೇವರ ಚಿತ್ತದಂತೆ ನಡೆಯಲು ಮನಸ್ಸಿರುವವನಿಗೆ ಈ ಬೋಧನೆ ಎಲ್ಲಿಂದ ಬಂದದ್ದೆಂದು ತಿಳಿಯುವುದು. ತಿಳಿದ ಮೇಲೆ ನಡೆಯುವುದಲ್ಲ, ನಡೆಯಲು ಹೊರಟವನಿಗೆ ತಿಳಿಯುವುದು. ವಾದಕ್ಕೆ ಮಾತ್ರ ಬರುವವರನ್ನು ನಮ್ಮ ಗುಂಪಿನಿಂದ ನಾನು ಕಳುಹಿಸುವುದಿಲ್ಲ. ಕೂಟ ಮುಗಿದ ಮೇಲೆ ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವಾಗ ಜೊತೆಗೆ ಕರೆಯುತ್ತೇನೆ. ಕೆಲವರು ಬರುತ್ತಾರೆ, ಕೆಲವರಿಗೆ ಅಂದು ಮನೆಯಲ್ಲಿ ಕೆಲಸವಿರುತ್ತದೆ.

ಈಗ ನಮ್ಮ ಕೂಟದಲ್ಲಿ, ನೀತಿವಂತನಾಗಿದ್ದೂ ಕಷ್ಟಕ್ಕೆ ಸಿಕ್ಕ ಯೋಬನ ಪುಸ್ತಕ ನಡೆಯುತ್ತಿದೆ. ಅವನನ್ನು ಸಂತೈಸಲು ಬಂದ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಆಡಿದ ಒಂದೊಂದು ಮಾತನ್ನೂ ಬಿಡಿಯಾಗಿ ತೆಗೆದರೆ ಅರ್ಧಕ್ಕರ್ಧ ಪ್ರಸಂಗಪೀಠದಲ್ಲಿ ಒಪ್ಪುವಂಥವೇ. ಆದರೂ ಕೊನೆಯ ಅಧ್ಯಾಯದಲ್ಲಿ ಯೆಹೋವನು, ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಯಥಾರ್ಥವಾದದ್ದನ್ನು ಆಡಲಿಲ್ಲ ಎಂದು ಅವರ ಮೇಲೆ ಕೋಪಿಸಿಕೊಳ್ಳುತ್ತಾನೆ. ದೇವರನ್ನೇ ಕಟಕಟೆಗೆ ಕರೆದ ಯೋಬನ ಮಾತು ಯಥಾರ್ಥ, ದೇವರ ಪರವಾಗಿ ವಕಾಲತ್ತು ವಹಿಸಿದವರ ಮಾತು ತಪ್ಪು. ಅವರು ಮೊದಲ ಏಳು ದಿನ ಸುಮ್ಮನೆ ಕುಳಿತದ್ದೇ ಅವರ ಒಳ್ಳೆಯ ಸಾಕ್ಷಿಯಾಗಿತ್ತು ಎನ್ನುತ್ತಾರೆ ನಮ್ಮ ಗುಂಪಿನ ಒಬ್ಬ ನರ್ಸ್. ನಾಲ್ಕನೆಯವನಾದ ಎಲೀಹು ಆರು ಅಧ್ಯಾಯ ಮಾತಾಡುತ್ತಾನೆ, ಅವನನ್ನು ದೇವರು ಹೊಗಳುವುದೂ ಇಲ್ಲ, ಬಯ್ಯುವುದೂ ಇಲ್ಲ. ಯಾಕೆ ಎಂಬುದರಲ್ಲಿ ನಮ್ಮಲ್ಲಿ ಒಮ್ಮತವಿಲ್ಲ. ಅಕ್ಕ ಒಂದು ಹೇಳುತ್ತಾಳೆ, ಹಂಚಿನ ಕಾರ್ಖಾನೆಯ ಹಿರಿಯರು ಇನ್ನೊಂದು. ಬರುವ ಬುಧವಾರ ಆ ಅಧ್ಯಾಯಗಳನ್ನು ಇನ್ನೊಮ್ಮೆ ಓದಬೇಕಾಗಿದೆ.