ಕೆನಡಾ ವರ್ಕ್ ಪರ್ಮಿಟ್: ಹಾಸನದಿಂದಲೇ ಅರ್ಜಿ ಹಾಕಿದ ಬಗೆ

ಕೆನಡಾದಲ್ಲಿ ಕೋರ್ಸ್ ಮುಗಿಸಿ ಊರಿಗೆ ಬಂದಮೇಲೂ, ಅಲ್ಲಿ ಓದಿದವರಿಗೆ ಕೆಲಸ ಮಾಡಲು ಸಿಗುವ ಪೋಸ್ಟ್ ಗ್ರಾಜುಯೇಷನ್ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಗಡುವು 180 ದಿನ. ಲೆಕ್ಕ ಶುರುವಾಗುವುದು ಘಟಿಕೋತ್ಸವದಿಂದಲ್ಲ, ಕೋರ್ಸ್ ಮುಗಿದಿದೆ ಎಂದು ಕಾಲೇಜು ಬರೆದು ತಿಳಿಸಿದ ದಿನದಿಂದ. ಆ 180 ದಿನದೊಳಗೆ ಒಂದು ದಿನವಾದರೂ ಸ್ಟಡಿ ಪರ್ಮಿಟ್ ಚಾಲ್ತಿಯಲ್ಲಿ ಇದ್ದಿರಬೇಕು. ಕೆನಡಾದಲ್ಲೇ ಇದ್ದು, ಸ್ಟಡಿ ಪರ್ಮಿಟ್ ಮುಗಿಯುವ ಮೊದಲೇ ಹಾಕಿದರೆ ಸಾಮಾನ್ಯವಾಗಿ ಉತ್ತರ ಬರುವತನಕ ಕೆಲಸ ಮಾಡಬಹುದು. ಹಾಸನದಿಂದ ಹಾಕಿದರೆ ಆ ಅನುಕೂಲ ಇಲ್ಲ. ಕೈಯಲ್ಲಿ ಕೆಲಸ ಇರುವವರು ಕೆನಡಾದಿಂದಲೇ ಹಾಕುವುದು ಮೇಲು.

ನಾನು ಮೊದಲು ನೋಡಿದ್ದು ಪಾಸ್‌ಪೋರ್ಟ್ ಮುಗಿಯುವ ತಾರೀಖು. ಎರಡು ವರ್ಷದ ಕೋರ್ಸ್‌ಗೆ ಮೂರು ವರ್ಷದ ಪರ್ಮಿಟ್ ಸಿಗುತ್ತದೆ, ನಿಜ. ಆದರೆ ಪಾಸ್‌ಪೋರ್ಟಿಗೆ ಎಂಟೇ ತಿಂಗಳು ಉಳಿದಿದ್ದರೆ ಪರ್ಮಿಟ್ಟೂ ಎಂಟೇ ತಿಂಗಳಿಗೆ ನಿಲ್ಲುತ್ತದೆ. ಉಳಿದ ಅವಧಿಗೆ ಆಮೇಲೆ ಕಾಗದದ ಅರ್ಜಿ ಕಳಿಸುತ್ತಾ ಕೂರಬೇಕು. ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ರಿನ್ಯೂವಲ್ ಆಗುತ್ತದೆ, 36 ಪುಟದ್ದಕ್ಕೆ 1,500 ರೂಪಾಯಿ. ಅದನ್ನು ಮುಗಿಸಿಕೊಂಡೇ ಮುಂದಿನ ಹೆಜ್ಜೆ.

ಹೆಸರಿನದು ನಮ್ಮ ಕಡೆಯವರಿಗೇ ಇರುವ ತೊಡಕು. ಊರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಇರುತ್ತವೆ, ಸರ್‌ನೇಮ್ ಎಂಬುದೇ ಇರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ, ಅರ್ಜಿಯಲ್ಲಿ ಪೂರ್ತಿ ಹೆಸರನ್ನು ಫ್ಯಾಮಿಲಿ ನೇಮ್ ಕಡೆ ಬರೆದು ಗಿವನ್ ನೇಮ್ ಖಾಲಿ ಬಿಡಬೇಕು. ಚುಕ್ಕಿ ಇಡಬೇಡಿ, ಅಪ್ಪನ ಹೆಸರು ತುರುಕಬೇಡಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಕಾಲೇಜಿನ ಅಂಕಪಟ್ಟಿ) ಹೆಸರು ಬೇರೆ ಥರ ಅಚ್ಚಾಗಿದ್ದರೆ ಮೂರು ಸಾಲಿನ ವಿವರಣೆ ಪತ್ರ ಸಾಕು.

2024ರ ನವೆಂಬರ್ 1ರಿಂದ ಭಾಷಾ ಪರೀಕ್ಷೆಯೂ ಬೇಕು. ಯೂನಿವರ್ಸಿಟಿ ಡಿಗ್ರಿಯವರಿಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಜನರಲ್ ಮಾದರಿಯಲ್ಲಿ ನಾಲ್ಕು ವಿಭಾಗಕ್ಕೂ ಕನಿಷ್ಠ 6.0. ಓದಲು ಹೋಗುವಾಗ ಬರೆದ ಅಕಾಡೆಮಿಕ್ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ನಡೆಯುವುದಿಲ್ಲ. ಫಲಿತಾಂಶ ಎರಡು ವರ್ಷದೊಳಗಿನದಾಗಿರಬೇಕು.

ಹೊರಗಿನಿಂದ ಹಾಕುವವರ ಫಾರಂ ಐಎಂಎಂ 1295. ಸೈಬರ್ ಸೆಂಟರಿನಲ್ಲಿ ಬ್ರೌಸರ್‌ನಲ್ಲೇ ತೆರೆದರೆ ‘ಪ್ಲೀಸ್ ವೇಟ್’ ಎಂದು ತೋರಿಸುತ್ತಾ ನಿಂತುಬಿಡುತ್ತದೆ. ನೆಟ್ ನಿಧಾನ ಅಂದುಕೊಂಡು ಕಾಯಬೇಡಿ, ಫೈಲ್ ಡೌನ್‌ಲೋಡ್ ಮಾಡಿ ಅಡೋಬಿ ರೀಡರ್‌ನಲ್ಲಿ ತೆರೆಯಿರಿ. ತುಂಬಿದ ಮೇಲೆ ‘ವ್ಯಾಲಿಡೇಟ್’ ಒತ್ತಿದರೆ ಕೊನೆಗೆ ಬಾರ್‌ಕೋಡ್ ಬರುತ್ತದೆ. ಆ ಫೈಲನ್ನೇ ಅಪ್‌ಲೋಡ್ ಮಾಡಬೇಕು, ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ್ದನ್ನಲ್ಲ. ಒಂದೊಂದು ಫೈಲೂ 4 ಎಂಬಿ ದಾಟಬಾರದು. ಡಿಎಲ್‌ಐ ಸಂಖ್ಯೆ (ನೀವು ಓದಿದ ಕಾಲೇಜಿಗೆ ಇರುವ ಗುರುತಿನ ಸಂಖ್ಯೆ) ಕೇಳಿದ ಕಡೆ ಮೊದಲು ಬರುವುದು ಇಂಗ್ಲಿಷ್ ಅಕ್ಷರ ‘ಓ’, ಸೊನ್ನೆಯಲ್ಲ.

ಜೊತೆಗೆ ಕಂಪ್ಲೀಷನ್ ಲೆಟರ್, ಅಂತಿಮ ಟ್ರಾನ್ಸ್‌ಕ್ರಿಪ್ಟ್, ಪಾಸ್‌ಪೋರ್ಟ್‌ನಲ್ಲಿ ಮುದ್ರೆ ಬಿದ್ದ ಎಲ್ಲ ಪುಟ, ಫೋಟೋ. ಶುಲ್ಕ 255 ಕೆನಡಾ ಡಾಲರ್: 155 ಪರ್ಮಿಟ್‌ಗೆ, ಇದು ಒಂದೇ ಕಂಪನಿಗೆ ಕಟ್ಟಿಹಾಕದ ಓಪನ್ ಪರ್ಮಿಟ್ ಆದ್ದರಿಂದ ಅದಕ್ಕೆ ಇನ್ನೂ 100. ನೂರು ಕಟ್ಟುವುದನ್ನು ಮರೆತವರ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಮಂಜೂರಾದಾಗ ಊರಿಗೆ ಬರುವುದು ಪತ್ರ ಮಾತ್ರ. ಪರ್ಮಿಟ್ ಅಚ್ಚಾಗುವುದು ಕೆನಡಾದಲ್ಲಿ ಇಳಿದ ಮೇಲೆ. ಅಲ್ಲಿ ಕೌಂಟರ್ ಬಿಡುವ ಮೊದಲೇ ಮುಗಿಯುವ ತಾರೀಖನ್ನು ಪಾಸ್‌ಪೋರ್ಟ್ ಜೊತೆ ತಾಳೆ ನೋಡಿ, ತಪ್ಪಿದ್ದರೆ ಅಲ್ಲೇ ಹೇಳಿ ತಿದ್ದಿಸಿಕೊಳ್ಳಿ.