ಎದುರು ಮನೆಗೆ ಒಂದು ಬೀಗದ ಕೈ ಕೊಡಿ

ಮೈಸೂರಿನಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಒಂದು ಸಲ ಬಚ್ಚಲಲ್ಲಿ ಜಾರಿ ಬಿದ್ದರು. ‘ಇನ್ನೂ ರಂಗೋಲಿ ಹಾಕಿಲ್ವಲ್ಲ’ ಅಂತ ಓಡಿ ಬಂದವರು ಎದುರು ಮನೆ ಆಂಟಿ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಜನರ ಒಡನಾಟ ಗಟ್ಟಿಯಾಗಿದ್ದವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಜಾಸ್ತಿ ಎಂದು ಕಂಡುಬಂತು.

ನಿಮ್ಮ ಅಪ್ಪ ಅಮ್ಮನೂ ಒಂಟಿಯಾಗಿದ್ದರೆ, ಎದುರು ಮನೆಯವರ ಹತ್ತಿರ ಮನೆಯ ಒಂದು ಕೀ ಇರಲಿ. ಆದರೆ ಮೊದಲ ದಿನವೇ ಕೀ ಕೊಡೋಕೆ ಹೋಗಬೇಡಿ. ಸಣ್ಣದೇನಾದರೂ ಕೇಳಿ. ಹೆಪ್ಪಿಗೆ ಒಂದು ಚಮಚ ಮೊಸರು ಸಾಕು. ಬಟ್ಟಲನ್ನು ಖಾಲಿ ವಾಪಸ್ ಕೊಡಬೇಡಿ, ಒಂದೆರಡು ಎಸಳು ಕರಿಬೇವಾದರೂ ಇರಲಿ. ಕೇಳುವುದಕ್ಕೆ ಸಂಕೋಚ ಬೇಡ. ಕೊಡೋದು, ತಗೊಳ್ಳೋದು ನಡೆಯುತ್ತಿದ್ದರೇ ನಂಬಿಕೆ ಬೆಳೆಯೋದು, ಅಲ್ವಾ?

ಆಮೇಲೆ ಒಂದು ಗುರುತು ಮಾಡಿಕೊಳ್ಳಿ: ಎಂಟು ಗಂಟೆಯಾದರೂ ಮುಂಬಾಗಿಲು ತೆರೆಯದಿದ್ದರೆ ಬಂದು ಕರೆಯಬೇಕು. ಮಾತ್ರೆಗಳ ಹೆಸರು, ಡಾಕ್ಟರ್ ನಂಬರ್, 108 ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಕೀ ಕೊಡೋದು ಆಮೇಲೆ. ಒಳಗಿನಿಂದ ಚಿಲಕ ಹಾಕಿಕೊಂಡರೆ ಆ ಕೀ ಇದ್ದೂ ಪ್ರಯೋಜನವಿಲ್ಲ. ಹೊರಗಿನಿಂದಲೂ ತೆಗೆಯಬಹುದಾದ ಲಾಕ್ ಹಾಕಿಸಿ.